ಪೆಟ್ರೋಲ್ ಪಿಕಪ್‌ಗೆ ಡೀಸೆಲ್ ಎಂಜಿನ್ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಸಕಲೇಶಪುರದ ಕಡೆ ನಮ್ಮ ದೊಡ್ಡಪ್ಪನ ಹತ್ತಿರ ಒಂದು ಪೆಟ್ರೋಲ್ ವಿಲ್ಲೀಸ್ ಜೀಪಿತ್ತು. ಗೊಬ್ಬರದ ಮೂಟೆ ಹೇರಿಕೊಂಡು ತೋಟದ ಏರು ಹತ್ತುವಷ್ಟರಲ್ಲಿ ಟ್ಯಾಂಕು ಅರ್ಧ ಖಾಲಿಯಾಗುತ್ತದೆ ಎಂದು ಅವರಿಗೆ ಸದಾ ಕೊರಗು. ಒಂದು ಬೇಸಿಗೆಯಲ್ಲಿ ಹಲಸಿನ ಮರಕ್ಕೆ ಚೈನ್ ಪುಲ್ಲಿ ಕಟ್ಟಿ ಹಳೆ ಎಂಜಿನ್ ಇಳಿಸಿದರು, ಡೀಸೆಲ್ ಎಂಜಿನ್ ಕೂರಿಸಿದರು. ನಾನು ಟಾರ್ಚ್ ಹಿಡಿದುಕೊಂಡು ನಿಂತಿದ್ದೆ. ಈಗ ಇರುವುದು ಅಮೆರಿಕದ ಇಂಡಿಯಾನಾದಲ್ಲಿ. ಇಲ್ಲಿ ನನ್ನ 1986ರ ಫೋರ್ಡ್ ಎಫ್-250 ಪಿಕಪ್ಪಿನ 7.5 ಲೀಟರ್ ಪೆಟ್ರೋಲ್ ವಿ8 ಎಂಜಿನ್ ತೆಗೆದು, 1992ರ ಡಾಡ್ಜ್ ಪಿಕಪ್ಪಿನ 5.9 ಲೀಟರ್ ಕಮಿನ್ಸ್ ಡೀಸೆಲ್ ಕೂರಿಸಿದ್ದೇನೆ. ಊರಿಗೆ ಹೋದಾಗ, ಫೋನಿನಲ್ಲಿ, ಇಲ್ಲಿನ ಕನ್ನಡ ಕೂಟದ ಊಟದ ಸಾಲಿನಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಒಂದು ಕಡೆ ಸೇರಿಸಿದ್ದೇನೆ.

ಇಷ್ಟು ಕಷ್ಟ ಯಾಕೆ? ಡೀಸೆಲ್ ಪಿಕಪ್ಪನ್ನೇ ಕೊಂಡರೆ ಆಗದೇ?

ಹೆಚ್ಚಿನವರಿಗೆ ಅದೇ ಸರಿ. ಕಾರ್ಖಾನೆಯಲ್ಲೇ ಡೀಸೆಲ್ ಆಗಿ ಹುಟ್ಟಿದ ಗಾಡಿಗೆ ಸ್ಪ್ರಿಂಗು, ಬ್ರೇಕು, ರೇಡಿಯೇಟರ್, ಗೇರ್‌ಬಾಕ್ಸ್ ಎಲ್ಲವನ್ನೂ ಆ ಎಂಜಿನ್ನಿಗೆ ತಕ್ಕ ಹಾಗೆ ಕೊಟ್ಟಿರುತ್ತಾರೆ. ನೀವು ಕೂರಿಸಿದಾಗ ಅವೆಲ್ಲವೂ ಒಂದೊಂದಾಗಿ ನಿಮ್ಮ ತಲೆ ಮೇಲೆ ಬರುತ್ತವೆ. ಎಂಜಿನ್ ಇಳಿಸಿ ಏರಿಸುವುದು ಈ ಕೆಲಸದ ಸುಲಭದ ಭಾಗ. ಕಷ್ಟವಿರುವುದು ಉಳಿದ ಗಾಡಿಯನ್ನು ಅದಕ್ಕೆ ಒಗ್ಗಿಸುವುದರಲ್ಲಿ. ಇದನ್ನು ಒಪ್ಪಿಕೊಂಡು ಇಳಿಯುವವರು ಕೆಲಸ ಮುಗಿಸುತ್ತಾರೆ. ಒಪ್ಪದವರ ಗಾಡಿ ಎರಡು ವರ್ಷ ಟಾರ್ಪಾಲಿನ ಕೆಳಗೆ ಇರುತ್ತದೆ.

ನನಗೆ ಅರ್ಥವಿದೆ ಅನ್ನಿಸಿದ್ದು ಎರಡು ಕಾರಣಕ್ಕೆ. ಫೋರ್ಡಿನ ಮೈ ಗಟ್ಟಿಯಾಗಿತ್ತು, ತುಕ್ಕು ಇರಲಿಲ್ಲ. ಡಾಡ್ಜಿನ ಕಥೆ ತಿರುಗುಮುರುಗು: ಚಳಿಗಾಲದಲ್ಲಿ ಇಲ್ಲಿನ ರಸ್ತೆಗೆ ಸುರಿಯುವ ಉಪ್ಪು ಅದರ ತಳವನ್ನೆಲ್ಲ ತಿಂದುಹಾಕಿತ್ತು, ಎಂಜಿನ್ ಮಾತ್ರ ಕಲ್ಲಿನ ಹಾಗಿತ್ತು.

ಡೀಸೆಲ್ ಹಾಕಿದರೆ ಎಷ್ಟು ದುಡ್ಡು ಉಳಿಯುತ್ತೆ?

ಲೆಕ್ಕ ಹಾಕೋಣ. ದೊಡ್ಡ ಪೆಟ್ರೋಲ್ ವಿ8 ಪಿಕಪ್ ಗ್ಯಾಲನ್ನಿಗೆ 10 ಮೈಲಿ ಕೊಡುತ್ತದೆ ಅನ್ನಿ, ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು ನಾಲ್ಕೂಕಾಲು ಕಿಲೋಮೀಟರ್. ಡೀಸೆಲ್ ಹಾಕಿದ ಮೇಲೆ 17 ಮೈಲಿ ಅನ್ನಿ, ಅಂದರೆ ಲೀಟರಿಗೆ ಏಳು ಚಿಲ್ಲರೆ. ವರ್ಷಕ್ಕೆ 10,000 ಮೈಲಿ ಓಡಿಸಿದರೆ ಪೆಟ್ರೋಲ್ 1,000 ಗ್ಯಾಲನ್, ಡೀಸೆಲ್ 588 ಗ್ಯಾಲನ್. ಪೆಟ್ರೋಲಿಗೆ 3.20 ಡಾಲರ್, ಡೀಸೆಲಿಗೆ 3.80 ಡಾಲರ್ ಇಟ್ಟುಕೊಂಡರೆ ಉಳಿಯುವುದು ವರ್ಷಕ್ಕೆ ಸಾವಿರ ಡಾಲರಿಗೂ ಸ್ವಲ್ಪ ಕಡಿಮೆ. ಎಂಜಿನ್, ಅಡಾಪ್ಟರ್, ಕ್ಲಚ್, ಸ್ಪ್ರಿಂಗ್, ಪೈಪು, ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಸೇರಿ ಹತ್ತು ಸಾವಿರ ಖರ್ಚಾದರೆ ಅಸಲು ಹುಟ್ಟಲು ಹತ್ತು ವರ್ಷ ದಾಟುತ್ತದೆ. ಅಮೆರಿಕದಲ್ಲಿ ಡೀಸೆಲ್ ಸಾಮಾನ್ಯವಾಗಿ ಪೆಟ್ರೋಲಿಗಿಂತ ತುಟ್ಟಿ ಎಂಬುದನ್ನು ಊರಿನವರು ನಂಬುವುದೇ ಇಲ್ಲ.

ಆದ್ದರಿಂದ ಮೈಲೇಜಿಗಾಗಿ ಈ ಕೆಲಸಕ್ಕೆ ಕೈಹಾಕಬೇಡಿ. ಎಳೆತಕ್ಕಾಗಿ ಮಾಡಿ, ಬಾಳಿಕೆಗಾಗಿ ಮಾಡಿ, ಕೆಲಸ ಕಲಿಯುವ ಆಸೆಗಾಗಿ ಮಾಡಿ.

ನನ್ನ ಪೆಟ್ರೋಲ್ ಎಂಜಿನ್ನನ್ನೇ ಡೀಸೆಲ್‌ಗೆ ತಿರುಗಿಸಬಹುದೇ? ಪ್ಲಗ್ ತೆಗೆದು ನಾಝಲ್ ಹಾಕಿದರೆ?

ಆಗದು. ಪೆಟ್ರೋಲ್ ಎಂಜಿನ್ ಗಾಳಿಯನ್ನು ಎಂಟು ಒಂಬತ್ತು ಪಟ್ಟು ಒತ್ತಿ ಕಿಡಿ ಕೊಡುತ್ತದೆ. ಡೀಸೆಲಿನಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು 17 ಪಟ್ಟಿನ ಆಸುಪಾಸು ಒತ್ತಿ, ಆ ಕಾವಿಗೇ ಎಣ್ಣೆ ಹೊತ್ತಿಕೊಳ್ಳುವಂತೆ ಮಾಡುತ್ತದೆ. ಆ ಒತ್ತಡ ತಡೆಯಲು ಬ್ಲಾಕ್, ಕ್ರ್ಯಾಂಕ್, ಪಿಸ್ಟನ್, ಹೆಡ್ ಬೋಲ್ಟು ಎಲ್ಲವೂ ಬೇರೆಯೇ ಆಗಿರಬೇಕು.

ಇದನ್ನು ದುಬಾರಿ ಬೆಲೆ ತೆತ್ತು ಕಲಿತದ್ದು ಜನರಲ್ ಮೋಟರ್ಸ್. 1978ರಲ್ಲಿ ಬಂದ ಓಲ್ಡ್ಸ್‌ಮೊಬೀಲ್ 5.7 ಲೀಟರ್ ಡೀಸೆಲ್ ಎಂಜಿನ್ನಿಗೆ ಬ್ಲಾಕನ್ನು ಗಟ್ಟಿಗೊಳಿಸಿದರೂ ಹೆಡ್ ಬೋಲ್ಟುಗಳ ಜೋಡಣೆಯನ್ನು ಪೆಟ್ರೋಲ್ ವಿ8ರದ್ದೇ ಉಳಿಸಿಕೊಂಡರು. ಒತ್ತಡಕ್ಕೆ ಬೋಲ್ಟು ಹಿಗ್ಗಿತು, ಗ್ಯಾಸ್ಕೆಟ್ ಹೋಯಿತು, ಸಿಲಿಂಡರಿಗೆ ನೀರು ಇಳಿಯಿತು. ಡೀಸೆಲಿನಲ್ಲಿ ಬೆರೆತ ನೀರನ್ನು ಬೇರ್ಪಡಿಸುವ ಫಿಲ್ಟರನ್ನೂ ಕೊಡದ್ದರಿಂದ, ಸಿಲಿಂಡರಿಗೆ ಡೀಸೆಲ್ ಒತ್ತಿ ಕಳಿಸುವ ಇಂಜೆಕ್ಷನ್ ಪಂಪುಗಳು ತುಕ್ಕು ಹಿಡಿದವು. 1985ಕ್ಕೆ ಆ ಎಂಜಿನ್ ನಿಂತೇಹೋಯಿತು. ಎಷ್ಟೋ ಜನ ಅದನ್ನು ತೆಗೆದು ಪೆಟ್ರೋಲ್ ಎಂಜಿನ್ ಹಾಕಿಸಿಕೊಂಡರು. ಅಮೆರಿಕದ ಒಂದು ತಲೆಮಾರಿಗೆ ಡೀಸೆಲ್ ಕಾರೆಂದರೆ ಮುಖ ಸಿಂಡರಿಸುವಂತಾಗಿದ್ದು ಹೀಗೆ.

ಯಾವ ಎಂಜಿನ್ ಆರಿಸಬೇಕು? ಎಲ್ಲರೂ ಕಮಿನ್ಸ್ ಅನ್ನುವುದು ಯಾಕೆ?

ಅದರ ಸರಳತೆಗಾಗಿ. ಕಮಿನ್ಸ್ 6ಬಿಟಿ ಎಂಜಿನ್ ಸಾಲಾಗಿ ಆರು ಸಿಲಿಂಡರಿನದು, ಬೋರ್ 102 ಮಿಲಿಮೀಟರ್, ಸ್ಟ್ರೋಕ್ 120 ಮಿಲಿಮೀಟರ್, ಒಟ್ಟು 5.9 ಲೀಟರ್. 1989ರಿಂದ ಡಾಡ್ಜ್ ಪಿಕಪ್ಪುಗಳಲ್ಲಿ ಬಂತು. ಅದಕ್ಕೂ ಮೊದಲು ಟ್ರ್ಯಾಕ್ಟರು, ಜನರೇಟರು, ಲಾರಿಗಳಲ್ಲಿ ದುಡಿದ ಎಂಜಿನ್ ಇದು. ಊರಿನವರಿಗೆ ಇದರ ಸದ್ದು ಹೊಸದೇನಲ್ಲ: 1990ರ ದಶಕದಿಂದ ಜಮ್‌ಶೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆ ಇದೇ ಬಿ ಸರಣಿಯ ಎಂಜಿನ್‌ಗಳನ್ನು ಟಾಟಾ ಲಾರಿಗಳಿಗೆ ಮಾಡಿಕೊಟ್ಟಿದೆ. ಶಿರಾಡಿ ಘಾಟಿ ಹತ್ತುವ ಲಾರಿಯ ಹಿಂದೆ ಸಿಕ್ಕಿಕೊಂಡವರು ಈ ಸದ್ದನ್ನು ಖಂಡಿತ ಕೇಳಿರುತ್ತೀರಿ.

ಕೊಳ್ಳುವಾಗ ಇಸವಿ ನೋಡಬೇಕು. 1989ರಿಂದ 1993ರವರೆಗಿನ ಎಂಜಿನ್‌ಗಳಿಗೆ ಬಾಷ್ ವಿಇ ಎಂಬ ತಿರುಗುವ ಇಂಜೆಕ್ಷನ್ ಪಂಪು. 160 ಅಶ್ವಶಕ್ತಿ, ಟಾರ್ಕ್ ಸುಮಾರು 540 ನ್ಯೂಟನ್ ಮೀಟರ್. 1994ರಿಂದ 1998ರ ಮಧ್ಯದವರೆಗೆ ಬಾಷ್ ಪಿ7100 ಎಂಬ ಸಾಲು ಪಂಪು. ಕೊನೆಕೊನೆಯ ಮ್ಯಾನುಯಲ್ ಗೇರಿನ ಗಾಡಿಗಳಲ್ಲಿ 215 ಅಶ್ವಶಕ್ತಿಯವರೆಗೆ. ಇವೆರಡೂ 12 ವಾಲ್ವಿನವು, ಕಂಪ್ಯೂಟರಿನ ಹಂಗಿಲ್ಲದೆ ಓಡುತ್ತವೆ. ಪಿ7100 ಪಂಪಿನೊಳಗೆ ಎಂಜಿನ್ ಆಯಿಲೇ ಓಡಾಡುತ್ತದೆ. ವಿಇ ಪಂಪು ಜಿಡ್ಡಿಗೆ ಡೀಸೆಲನ್ನೇ ನಂಬಿಕೊಂಡಿದೆ. ಆದ್ದರಿಂದ ವಿಇ ಪಂಪಿಗೆ ಕೊಳಕು ಎಣ್ಣೆ, ಪೆಟ್ರೋಲ್ ಬೆರೆತ ಎಣ್ಣೆ ವಿಷ.

1998ರ ಮಧ್ಯದಿಂದ 2002ರವರೆಗಿನ 24 ವಾಲ್ವಿನ ಎಂಜಿನ್‌ಗೆ ವಿಪಿ44 ಎಂಬ ಎಲೆಕ್ಟ್ರಾನಿಕ್ ಪಂಪು. ಟ್ಯಾಂಕಿನಿಂದ ಎಣ್ಣೆ ಎತ್ತಿಕೊಡುವ ಚಿಕ್ಕ ಪಂಪು ಸೊರಗಿದರೆ ಈ ದೊಡ್ಡ ಪಂಪು ಸುಟ್ಟುಹೋಗುತ್ತದೆ. ಆ ಕಾಲದ ಕೆಲವು ಬ್ಲಾಕುಗಳ ಪಕ್ಕದಲ್ಲಿ 53 ಎಂಬ ಅಂಕಿ ಎರಕ ಹೊಯ್ದಿರುತ್ತದೆ. ಅವು ನೀರಿನ ಜಾಕೆಟ್ಟಿನ ಹತ್ತಿರ ಸೀಳುವುದರಲ್ಲಿ ಕುಖ್ಯಾತ. ಆ ಅಂಕಿ ಕಂಡರೆ ಆ ಎಂಜಿನ್ ಬಿಟ್ಟು ಮುಂದೆ ಹೋಗಿ, ಬೆಲೆ ಎಷ್ಟೇ ಇಳಿದಿರಲಿ.

ನಾಲ್ಕು ಸಿಲಿಂಡರಿನ 4ಬಿಟಿ ಹಗುರವಲ್ಲವೇ?

ಹಗುರ ಹೌದು, 350 ಕೆಜಿ ಆಸುಪಾಸು. ಅಂಗಡಿಗಳಿಗೆ ಬ್ರೆಡ್ಡು ಸಾಗಿಸುವ ಡಬ್ಬದಂಥ ವ್ಯಾನುಗಳಿಂದ ಬರುತ್ತದೆ. 3.9 ಲೀಟರ್, 105 ಅಶ್ವಶಕ್ತಿ. ಆದರೆ ನಡುಕ ಬಹಳ. ಸಾಲಿನ ಆರು ಸಿಲಿಂಡರಿನಲ್ಲಿ ಪಿಸ್ಟನ್ನುಗಳ ಓಡಾಟ ಒಂದನ್ನೊಂದು ತೂಗಿಕೊಳ್ಳುತ್ತದೆ. ಸಾಲಿನ ನಾಲ್ಕರಲ್ಲಿ ತೂಗದೆ ಉಳಿದ ಬಲ ಕ್ಯಾಬಿನ್ನಿಗೆ ಬಡಿಯುತ್ತದೆ. ದಿನಾ ಓಡಿಸುವ ಗಾಡಿಯಾದರೆ ಒಮ್ಮೆ ಅಂಥದ್ದರಲ್ಲಿ ಕೂತು ಐವತ್ತು ಮೈಲಿ ಹೋಗಿ ಬಂದು ಆಮೇಲೆ ನಿರ್ಧರಿಸಿ. ಚಿಕ್ಕ ಪಿಕಪ್ಪುಗಳಿಗೆಂದು ಕಮಿನ್ಸ್ 2017ರಲ್ಲಿ ಆರ್2.8 ಎಂಬ 161 ಅಶ್ವಶಕ್ತಿಯ ಎಂಜಿನ್ನನ್ನು ಪೆಟ್ಟಿಗೆಯಲ್ಲಿಟ್ಟು ಮಾರಲು ಶುರುಮಾಡಿತು. ಸಣ್ಣ ಗಾಡಿಗೆ 4ಬಿಟಿಗಿಂತ ಅದು ಒಪ್ಪುತ್ತದೆ ಎಂದು ನನ್ನ ಅಭಿಪ್ರಾಯ.

ಎಂಜಿನ್ ಹೊರಗಿರುವಾಗಲೇ ಮಾಡಿಬಿಡಬೇಕಾದ ಕೆಲಸ ಯಾವುದು?

12 ವಾಲ್ವಿನ ಕಮಿನ್ಸ್ ಆದರೆ ಒಂದೇ ಒಂದು ಕೆಲಸ ತಪ್ಪಿಸಬೇಡಿ. ಮುಂಭಾಗದ ಟೈಮಿಂಗ್ ಗೇರಿನ ಕೇಸನ್ನು ಬ್ಲಾಕಿಗೆ ಸರಿಯಾಗಿ ಕೂರಿಸಲು ಕಾರ್ಖಾನೆಯಲ್ಲಿ ಒಂದು ಪುಟ್ಟ ಉಕ್ಕಿನ ಪಿನ್ನು ಹಾಕಿರುತ್ತಾರೆ. ಅದನ್ನು ಹಿಡಿದಿಡಲು ಏನೂ ಇಲ್ಲ. ಲಕ್ಷಾಂತರ ಮೈಲಿಯ ನಡುಕಕ್ಕೆ ಅದು ಇಂಚಿಂಚೇ ಹೊರಬಂದು ಗೇರುಗಳ ನಡುವೆ ಬೀಳುತ್ತದೆ. ಬಿದ್ದರೆ ಕೇಸು ಒಡೆಯುತ್ತದೆ, ಇಲ್ಲವೇ ಟೈಮಿಂಗ್ ತಪ್ಪಿ ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ. ಇಲ್ಲಿನವರು ಅದಕ್ಕೆ ‘ಕೊಲೆಗಾರ ಪಿನ್ನು’ ಎಂದೇ ಹೆಸರಿಟ್ಟಿದ್ದಾರೆ. ಪರಿಹಾರ ಬಲು ಅಗ್ಗ: ಪಕ್ಕದ ಬೋಲ್ಟಿನ ಕೆಳಗೆ ಒಂದು ತಗಡಿನ ನಾಲಿಗೆ ಸಿಕ್ಕಿಸಿ ಪಿನ್ನಿನ ಬಾಯಿ ಮುಚ್ಚಬೇಕು. ನಾನು ಮುಚ್ಚಳ ಬಿಚ್ಚಿದಾಗ ಪಿನ್ನಿನ ಅರ್ಧ ಆಗಲೇ ಹೊರಗಿತ್ತು. ಸುಮ್ಮನೆ ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಅದರ ಜೊತೆಗೆ ಹಿಂದಿನ ಆಯಿಲ್ ಸೀಲ್, ನೀರಿನ ಪಂಪು, ಮೋಟರ್ ಮೌಂಟಿನ ರಬ್ಬರು ಬದಲಿಸಿ, ವಾಲ್ವ್ ಸೆಟ್ಟಿಂಗ್ ಮಾಡಿಬಿಡಿ.

ಭಾರ ತಡೆಯುತ್ತಾ? ಮುಂದುಗಡೆ ಕುಸಿಯುವುದಿಲ್ಲವೇ?

ಏನೂ ಮಾಡದಿದ್ದರೆ ಕುಸಿಯುತ್ತದೆ. 6ಬಿಟಿ ಹತ್ತಿರಹತ್ತಿರ 500 ಕೆಜಿ. ನಾನು ತೆಗೆದ ಪೆಟ್ರೋಲ್ ವಿ8 ದೊಡ್ಡದೇ ಆದರೂ ಇದಕ್ಕಿಂತ ಸುಮಾರು 180 ಕೆಜಿ ಹಗುರ. ಮುಂದಿನ ಆಕ್ಸಲ್ ಮೇಲೆ 50 ಕೆಜಿಯ ಮೂರೂವರೆ ಮೂಟೆ ಕಾಫಿ ಹೇರಿ ಜೀವನಪೂರ್ತಿ ಓಡಿಸಿದ ಹಾಗೆ. ಚಿಕ್ಕ ಎಫ್-150 ಪಿಕಪ್ಪಿಗೆ ಈ ಎಂಜಿನ್ ಬೇಡವೇ ಬೇಡ. ಅದರ ಫ್ರೇಮು, ಮುಂದಿನ ಆಕ್ಸಲ್, ಬ್ರೇಕು ಯಾವುದೂ ಇದಕ್ಕಾಗಿ ಮಾಡಿದ್ದಲ್ಲ. ಎಫ್-250, ಎಫ್-350, ಇಲ್ಲವೇ ಷೆವರ್ಲೆಯ ಅದೇ ದರ್ಜೆಯ ಗಾಡಿ ಇರಲಿ.

ಅದೃಷ್ಟವೆಂದರೆ ಫೋರ್ಡ್ 1983ರಿಂದಲೇ ಈ ಪಿಕಪ್ಪುಗಳಲ್ಲಿ ಇಂಟರ್‌ನ್ಯಾಷನಲ್ ಕಂಪನಿಯ 6.9 ಲೀಟರ್ ಡೀಸೆಲ್ ಕೊಡುತ್ತಿತ್ತು. ಆ ಡೀಸೆಲ್ ಗಾಡಿಗಳ ಮುಂದಿನ ಸ್ಪ್ರಿಂಗು, ರೇಡಿಯೇಟರ್ ಗುಜರಿಯಲ್ಲಿ ಸಿಗುತ್ತವೆ, ಪೆಟ್ರೋಲ್ ಗಾಡಿಗೆ ಹಾಗೇ ಕೂರುತ್ತವೆ. ಮೌಂಟನ್ನು ನೀವೇ ವೆಲ್ಡ್ ಮಾಡುವುದಾದರೆ ಒಂದು ಮಾತು: ಡೀಸೆಲ್ ಎಂಜಿನ್ ನಿಲ್ಲಿಸುವಾಗ ಕೊಡುವ ಒದೆತ ಪೆಟ್ರೋಲಿನದಕ್ಕಿಂತ ಹಲವು ಪಟ್ಟು ಜೋರು. ಫ್ರೇಮಿನ ಒಂದು ಬಿಂದುವಿಗೆ ತಗಡು ಅಂಟಿಸಿದರೆ ಅಲ್ಲೇ ಸೀಳು ಬಿಡುತ್ತದೆ. ಅಗಲವಾದ ಪ್ಲೇಟು ಹಾಕಿ ಭಾರ ಹರಡಿ.

ಉದ್ದವನ್ನೂ ಅಳೆದುಕೊಳ್ಳಿ. ಸಾಲಿನ ಆರು ವಿ8ಗಿಂತ ಉದ್ದ. ಹಿಂದೆ ಫೈರ್‌ವಾಲ್, ಅಂದರೆ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ, ಮುಂದೆ ಫ್ಯಾನು ಮತ್ತು ರೇಡಿಯೇಟರ್, ಕೆಳಗೆ ಆಯಿಲ್ ಸಂಪು ಮತ್ತು ಆಕ್ಸಲ್. ಬರೀ ಎಂಜಿನ್ನನ್ನು ನೇತುಹಾಕಿ ನಾಲ್ಕು ಸಲವಾದರೂ ಇಳಿಸಿ ಏರಿಸಿ ನೋಡದೆ ಏನನ್ನೂ ಕತ್ತರಿಸಬೇಡಿ.

ಗೇರ್‌ಬಾಕ್ಸ್ ಹಳೆಯದೇ ನಡೆಯುತ್ತಾ?

ಈ ಕೆಲಸದಲ್ಲಿ ಗೆದ್ದವರೂ ಸೋತವರೂ ನಿರ್ಧಾರವಾಗುವುದು ಇಲ್ಲಿ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 4,500 ಸುತ್ತಿನವರೆಗೆ ಕಿರುಚಿಕೊಂಡು ಓಡುತ್ತದೆ. ಈ ಡೀಸೆಲಿನ ಪಂಪು 2,500 ದಾಟುತ್ತಿದ್ದಂತೆ ಎಣ್ಣೆ ಕಡಿಮೆ ಮಾಡುತ್ತದೆ. ಶಕ್ತಿಯೆಲ್ಲ ಇರುವುದು 1,500ರಿಂದ 2,200ರ ನಡುವೆ. ಈಗ ನನ್ನ ಗಾಡಿಯ ಲೆಕ್ಕ ನೋಡಿ. ಹಿಂದಿನ ಹೌಸಿಂಗಿನಲ್ಲಿದ್ದ ಕ್ರೌನ್-ಪಿನಿಯನ್ ಅನುಪಾತ 4.10, ಅಂದರೆ ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟಿನದು 4.10 ಸುತ್ತು; ಟೈರಿನ ಎತ್ತರ 32 ಇಂಚಿಗೆ ಸ್ವಲ್ಪ ಕಡಿಮೆ. ಗಂಟೆಗೆ 65 ಮೈಲಿ ವೇಗದಲ್ಲಿ ನೇರ ಟಾಪ್ ಗೇರಿನಲ್ಲಿ ಎಂಜಿನ್ 2,800 ಸುತ್ತು ಸುತ್ತಬೇಕು. ಅಂದರೆ ಹೆದ್ದಾರಿಯ ವೇಗ ಮುಟ್ಟುವ ಮೊದಲೇ ಎಂಜಿನ್ ಕೈಚೆಲ್ಲುತ್ತದೆ. ಹಳೆ ನಾಲ್ಕು ಗೇರಿನ ಡಬ್ಬಿ ಇಟ್ಟುಕೊಂಡಿದ್ದರೆ ನಾನು ಬಲದಂಡೆಯ ಲೇನಿನಲ್ಲೇ ತೆವಳಬೇಕಿತ್ತು.

ದಾರಿ ಎರಡು. ಕ್ರೌನ್-ಪಿನಿಯನ್ ಬದಲಿಸಿ 3.55 ಹಾಕುವುದು, ಅಥವಾ ಓವರ್‌ಡ್ರೈವ್, ಅಂದರೆ ಶಾಫ್ಟಿಗಿಂತ ಎಂಜಿನ್ ನಿಧಾನ ತಿರುಗುವ ಗೇರು, ಇರುವ ಐದು ಗೇರಿನ ಡಬ್ಬಿ ಹಾಕುವುದು. ನಾನು ಫೋರ್ಡಿನದೇ ಝಡ್‌ಎಫ್ ಐದು ಗೇರಿನ ಡಬ್ಬಿ ಹಾಕಿದೆ. ಅದರ ಐದನೇ ಗೇರು 0.76. ಈಗ 65 ಮೈಲಿಗೆ 2,150 ಸುತ್ತು. ಮುಂದೊಂದು ದಿನ 3.55 ಹಾಕಿದರೆ 1,850ಕ್ಕೆ ಇಳಿಯುತ್ತದೆ. ಆದರೆ ಟ್ರೇಲರ್ ಎಳೆದುಕೊಂಡು ಏರು ಹತ್ತುವಾಗ ಈಗಿನ ಅನುಪಾತವೇ ಹಿತವಾಗಿದೆ, ಹಾಗಾಗಿ ಬಿಟ್ಟಿದ್ದೇನೆ. ಡಾಡ್ಜಿನಲ್ಲಿ 1994ರಿಂದ ಬಂದ ಎನ್‌ವಿ4500 ಡಬ್ಬಿಯೂ ಗಟ್ಟಿ. ಕೊಳ್ಳುವ ಮೊದಲು ಐದನೇ ಗೇರಿನ ನಟ್ಟು ಸಡಿಲವಾಗಿದೆಯೇ ನೋಡಿಸಿ, ಅದರ ಹಳೆ ಕಾಯಿಲೆ ಅದು.

ಕಮಿನ್ಸಿನ ಹಿಂಭಾಗಕ್ಕೂ ಫೋರ್ಡ್ ಡಬ್ಬಿಯ ಮುಂಭಾಗಕ್ಕೂ ಬೋಲ್ಟಿನ ತೂತು ಹೊಂದುವುದಿಲ್ಲ. ನಡುವೆ ಅಡಾಪ್ಟರ್ ಪ್ಲೇಟು ಬೇಕು. ದೊಡ್ಡಪ್ಪನ ಜೀಪಿಗೆ ಲೇತ್‌ನವರು ದಪ್ಪ ಪ್ಲೇಟಿನಲ್ಲಿ ಕಂಪಾಸ್ ಇಟ್ಟು ಗೀರು ಹಾಕಿ ತೂತು ಕೊರೆದದ್ದು ನನಗೆ ನೆನಪಿದೆ. ಮೂರನೇ ಸಲಕ್ಕೆ ಸರಿಯಾಯಿತು. ಮೊದಲೆರಡು ಸಲ ಕೇಂದ್ರ ಕೂದಲೆಳೆ ತಪ್ಪಿ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್ ಕೂಗತೊಡಗಿತ್ತು. ಇಲ್ಲಿ ಯಂತ್ರದಲ್ಲಿ ಕೊರೆದ ಪ್ಲೇಟುಗಳು ಸಿಗುತ್ತವೆ, ಅದರಲ್ಲಿ ಜಿಪುಣತನ ಮಾಡಬೇಡಿ. ಹಾಗಿದ್ದರೂ ಡಯಲ್ ಗೇಜ್ ಇಟ್ಟು ಕೇಂದ್ರ ಪರೀಕ್ಷಿಸಿಯೇ ಬೋಲ್ಟ್ ಬಿಗಿಯಿರಿ.

ಬ್ರೇಕಿಗೂ ಎಂಜಿನ್ನಿಗೂ ಏನು ಸಂಬಂಧ?

ನನಗೂ ಈ ಪ್ರಶ್ನೆ ಮೊದಲು ಹೊಳೆಯಲಿಲ್ಲ. ಜೀಪಿನಲ್ಲಿ ಕಲಿತವನು ನಾನು, ಆ ಹಳೆ ಜೀಪಿಗೆ ಕಾಲಿನ ಒತ್ತನ್ನು ಹೆಚ್ಚಿಸಿಕೊಡುವ ಬ್ರೇಕ್ ಬೂಸ್ಟರೇ ಇರಲಿಲ್ಲ. ಪಿಕಪ್ಪಿನ ಬೂಸ್ಟರ್ ಪೆಟ್ರೋಲ್ ಎಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಹುಟ್ಟುವ ವ್ಯಾಕ್ಯೂಮಿನಿಂದ ಕೆಲಸ ಮಾಡುತ್ತದೆ. ಥ್ರಾಟಲ್ ಗಾಳಿಯನ್ನು ಅಡ್ಡಗಟ್ಟುವುದರಿಂದ ಆ ವ್ಯಾಕ್ಯೂಮ್ ಹುಟ್ಟುವುದು. ಡೀಸೆಲಿಗೆ ಥ್ರಾಟಲ್ ಇಲ್ಲ, ವ್ಯಾಕ್ಯೂಮೂ ಇಲ್ಲ. ಬೂಸ್ಟರಿನ ಕೊಳವೆ ಸೇರಿಸಲು ಹೊಸ ಮ್ಯಾನಿಫೋಲ್ಡಿನಲ್ಲಿ ಜಾಗ ಕಾಣದೆ ನಾನು ಅದರ ಬಾಯಿಗೆ ಬಿರಡೆ ಹಾಕಿ ಸುಮ್ಮನಾಗಿದ್ದೆ. ಮನೆ ಮುಂದಿನ ಇಳಿಜಾರಿನಲ್ಲಿ ಮೊದಲ ಸಲ ಬ್ರೇಕ್ ತುಳಿದಾಗ ಪೆಡಲ್ ಕಲ್ಲಿನ ಹಾಗೆ ನಿಂತುಬಿಟ್ಟಿತು. ಗಾಡಿ ಮೆಲ್ಲಗೆ ರಸ್ತೆ ಕಡೆ ಉರುಳುತ್ತಿದೆ, ಎದೆ ಬಡಿತ ನನಗೇ ಕೇಳಿಸುತ್ತಿದೆ. ಪಾರ್ಕಿಂಗ್ ಬ್ರೇಕ್ ಹಿಡಿಯಿತು, ರಸ್ತೆಯಲ್ಲಿ ಯಾರೂ ಇರಲಿಲ್ಲ. ಆ ಹೊತ್ತು ಯಾವುದಾದರೂ ಮಗು ಸೈಕಲ್ಲಿನಲ್ಲಿ ಹೋಗುತ್ತಿದ್ದರೆ ಎಂದು ಇವತ್ತಿಗೂ ಯೋಚಿಸುತ್ತೇನೆ.

ಡಾಡ್ಜಿನಿಂದ ತೆಗೆದ ಕಮಿನ್ಸ್ ಮೇಲೆ ಗೇರಿನಿಂದ ತಿರುಗುವ ವ್ಯಾಕ್ಯೂಮ್ ಪಂಪು ಇರುತ್ತದೆ. ಬೂಸ್ಟರಿನ ಕೊಳವೆಯನ್ನು ಅದಕ್ಕೆ ಸೇರಿಸಿ. ಜನರೇಟರ್ ಅಥವಾ ಬೇರೆ ಯಂತ್ರದಿಂದ ಬಂದ ಎಂಜಿನ್ನಿನಲ್ಲಿ ಅದು ಇರಲಿಕ್ಕಿಲ್ಲ. ಆಗ ಬೇರೆ ಪಂಪು ಹಾಕಬೇಕು, ಇಲ್ಲವೇ ಪವರ್ ಸ್ಟೀರಿಂಗಿನ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರೋಬೂಸ್ಟ್ ಹಾಕಬೇಕು. ಷೆವರ್ಲೆ ತನ್ನ ಡೀಸೆಲ್ ಪಿಕಪ್ಪುಗಳಿಗೆ ಹೈಡ್ರೋಬೂಸ್ಟನ್ನೇ ಕೊಡುತ್ತಿತ್ತು. ಎಂಜಿನ್ ಸ್ಟಾರ್ಟ್ ಆದ ದಿನವೇ ರಸ್ತೆಗೆ ಇಳಿಸುವ ಆತುರ ಬೇಡ, ಮೊದಲು ನಿಂತಲ್ಲೇ ಹತ್ತು ಸಲ ಬ್ರೇಕ್ ತುಳಿದು ನೋಡಿ.

ಹಳೆ ಟ್ಯಾಂಕೇ ಸಾಕೇ?

ಸಾಕು, ಆದರೆ ಕೆಳಗಿಳಿಸಿ ಪೂರ್ತಿ ತೊಳೆದು ಒಣಗಿಸಿ. ಡೀಸೆಲ್ ಇಂಜೆಕ್ಷನ್ ಬೇಕಾದ್ದಕ್ಕಿಂತ ಹೆಚ್ಚು ಎಣ್ಣೆ ತರಿಸಿಕೊಂಡು ಉಳಿದದ್ದನ್ನು ವಾಪಸ್ ಕಳಿಸುತ್ತದೆ, ಹಾಗಾಗಿ ಟ್ಯಾಂಕಿಗೆ ರಿಟರ್ನ್ ಪೈಪು ಬೇಕು. ನೀರು ಬೇರ್ಪಡಿಸುವ ಫಿಲ್ಟರ್ ಕಡ್ಡಾಯ. ಯಾರೂ ಹೇಳದ ಒಂದು ಸಂಗತಿ: ಅಮೆರಿಕದಲ್ಲಿ ಸೀಸವಿಲ್ಲದ ಪೆಟ್ರೋಲಿನ ಗಾಡಿಗಳ ಟ್ಯಾಂಕಿನ ಬಾಯಿಯನ್ನು ಬೇಕೆಂದೇ ಸಣ್ಣದು ಮಾಡಿರುತ್ತಾರೆ. ಬಂಕಿನ ಡೀಸೆಲ್ ನಾಝಲ್ ಅದಕ್ಕಿಂತ ದಪ್ಪ, ಒಳಗೇ ಹೋಗುವುದಿಲ್ಲ. ಬಾಯಿ ಬದಲಿಸಿ. ಮುಚ್ಚಳದ ಮೇಲೆ ದೊಡ್ಡದಾಗಿ ಡೀಸೆಲ್ ಎಂದು ಬರೆಸಿ. ಗಾಡಿಯನ್ನು ಬೇರೆಯವರು ತೆಗೆದುಕೊಂಡು ಹೋಗುವ ದಿನ ಬಂದೇ ಬರುತ್ತದೆ.

ಹೊಲದ ಯಂತ್ರಗಳಿಗೆ ಮಾರುವ, ರಸ್ತೆ ತೆರಿಗೆಯಿಲ್ಲದ ಕೆಂಪು ಬಣ್ಣದ ಡೀಸೆಲನ್ನು ಹಾಕಬೇಡಿ. ರಸ್ತೆಯಲ್ಲಿ ಸಿಕ್ಕಿಬಿದ್ದರೆ ಕಡಿಮೆಯೆಂದರೂ 1,000 ಡಾಲರ್ ದಂಡ.

ವೈರಿಂಗ್ ದೊಡ್ಡ ತಲೆನೋವಲ್ಲವೇ?

12 ವಾಲ್ವಿನ ಎಂಜಿನ್ನಿಗೆ ಅಲ್ಲ. ಪಂಪಿನ ಎಣ್ಣೆ ತಡೆಯುವ ಸೊಲೆನಾಯ್ಡಿಗೆ ಒಂದು ತಂತಿ, ಸ್ಟಾರ್ಟರಿಗೆ ಒಂದು, ಆಲ್ಟರ್ನೇಟರಿಗೆ, ಮೀಟರುಗಳಿಗೆ, ಅಷ್ಟೇ. ಕೀ ತಿರುಗಿಸಿದಾಗ ಸೊಲೆನಾಯ್ಡ್ ಎಣ್ಣೆ ಬಿಡುತ್ತದೆ, ಕೀ ತೆಗೆದರೆ ಮುಚ್ಚುತ್ತದೆ. ಆರ್‌ಪಿಎಂ ಮೀಟರ್ ಮಾತ್ರ ಸತ್ತುಹೋಗುತ್ತದೆ, ಯಾಕೆಂದರೆ ಅದು ಎಣಿಸುತ್ತಿದ್ದದ್ದು ಇಗ್ನಿಷನ್ ಕಾಯಿಲಿನ ಮಿಡಿತವನ್ನು. ಆಲ್ಟರ್ನೇಟರಿನಿಂದ ಸಂಕೇತ ಪಡೆಯುವ ಡೀಸೆಲ್ ಮೀಟರ್ ಹಾಕಿ. ಅದರ ಪಕ್ಕ ಹೊಗೆಯ ಕಾವು ತೋರಿಸುವ ಪೈರೋಮೀಟರ್ ಇರಲಿ. ಭಾರ ಎಳೆಯುವಾಗ ಅದು 675 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಇಲ್ಲದಿದ್ದರೆ ಪಿಸ್ಟನ್ ಕರಗುತ್ತದೆ.

ಚಳಿಯಲ್ಲಿ ಸ್ಟಾರ್ಟ್ ಆಗುತ್ತಾ?

ಆಗುತ್ತದೆ. ಈ ಎಂಜಿನ್ನಿಗೆ ಸಿಲಿಂಡರಿನ ಒಳಗೇ ಕಾಯಿಸುವ ಗ್ಲೋ ಪ್ಲಗ್ ಇಲ್ಲ. ಒಳಹೋಗುವ ಗಾಳಿಯನ್ನೇ ಕಾಯಿಸುವ ಗ್ರಿಡ್ ಹೀಟರ್ ಇದೆ. ಅದು ವೆಲ್ಡಿಂಗ್ ಮಿಷನ್ನಿನಂತೆ ಕರೆಂಟು ಎಳೆಯುತ್ತದೆ, ಎರಡು ಬ್ಯಾಟರಿ ಮತ್ತು ದಪ್ಪ ಕೇಬಲ್ ಹಾಕಿ. ಜನವರಿಯಲ್ಲಿ ರಾತ್ರಿ ಬ್ಲಾಕ್ ಹೀಟರಿನ ಪ್ಲಗ್ಗನ್ನು ಗೋಡೆಗೆ ಚುಚ್ಚಿಟ್ಟು ಮಲಗುತ್ತೇನೆ. ಡೀಸೆಲಿನಲ್ಲಿರುವ ಮೇಣ ಚಳಿಗೆ ತುಪ್ಪದ ಹಾಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟುತ್ತದೆ. ಚಳಿಗಾಲದ ಮಿಶ್ರಣ ಮಾರುವ ಬಂಕಿನಲ್ಲೇ ತುಂಬಿಸಿ.

ಕಾನೂನು ಏನು ಹೇಳುತ್ತೆ?

ಅಮೆರಿಕದ ಪರಿಸರ ಸಂಸ್ಥೆ ಇಪಿಎ ಇಟ್ಟುಕೊಂಡಿರುವ ನಿಯಮದ ಸಾರ ಇದು: ಕೂರಿಸುವ ಎಂಜಿನ್ ಗಾಡಿಯ ಇಸವಿಯದ್ದೇ ಆಗಿರಬೇಕು, ಇಲ್ಲವೇ ಅದಕ್ಕಿಂತ ಹೊಸದು, ಆ ದರ್ಜೆಯ ಗಾಡಿಗೆ ಪ್ರಮಾಣೀಕರಿಸಿದ್ದಾಗಿರಬೇಕು, ಅದರ ಹೊಗೆ ನಿಯಂತ್ರಣದ ಸಾಮಾನೆಲ್ಲ ಜೊತೆಗೇ ಬರಬೇಕು. 1986ರ ಗಾಡಿಗೆ 1992ರ ಎಂಜಿನ್ ಆರಿಸಿದ್ದು ಇದನ್ನು ನೋಡಿಕೊಂಡೇ. 2008ರ ಪಿಕಪ್ಪಿಗೆ 1992ರ ಎಂಜಿನ್ ಹಾಕುವುದು ಈ ನಿಯಮಕ್ಕೆ ನೇರ ವಿರುದ್ಧ, ಎಷ್ಟೇ ಜನ ಹಾಕಿ ತೋರಿಸಿದರೂ.

ಅದರ ಮೇಲೆ ರಾಜ್ಯಗಳ ನಿಯಮ. ಇಂಡಿಯಾನಾದಲ್ಲಿ ಹೊಗೆ ತಪಾಸಣೆ ಇರುವುದು ಷಿಕಾಗೋ ಪಕ್ಕದ ಲೇಕ್, ಪೋರ್ಟರ್ ಎಂಬ ಎರಡು ಕೌಂಟಿಗಳಲ್ಲಿ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಎಂಜಿನ್ ಬದಲಿಸುವವರಿಗೆ ಬಿಗಿ ಹೆಚ್ಚು. ಎಂಜಿನ್ ಕೊಳ್ಳುವ ಮೊದಲೇ ನಿಮ್ಮ ರಾಜ್ಯದ ವಾಹನ ಇಲಾಖೆಗೆ ಹೋಗಿ ಕೇಳಿ, ಇಂಧನದ ವಿವರ ದಾಖಲೆಯಲ್ಲಿ ತಿದ್ದಿಸಿ, ವಿಮೆಯವರಿಗೂ ತಿಳಿಸಿ. ಗಾಡಿಯ 17 ಅಕ್ಷರಗಳ ಗುರುತು ಸಂಖ್ಯೆಯಲ್ಲಿ ಎಂಟನೆಯದು ಎಂಜಿನ್ನಿನ ಸಂಕೇತ, ಅದು ಎಂದಿಗೂ ಪೆಟ್ರೋಲ್ ಎಂದೇ ಹೇಳುತ್ತಿರುತ್ತದೆ. ಬಿಡಿಭಾಗದ ಅಂಗಡಿಯಲ್ಲಿ ಡಾಡ್ಜಿನ ಇಸವಿ ಹೇಳಿ ಕೇಳಿ.

ಕರ್ನಾಟಕದಲ್ಲಿ ಹೀಗೆ ಮಾಡಬಹುದೇ?

ಬೇಡ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಬೇರೆ ಇಂಧನಕ್ಕೆ ಬದಲಾಯಿಸಲು ಅವಕಾಶವಿದೆ, ಆದರೆ ಅದು ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಯಂಥವಕ್ಕೆ, ಅನುಮೋದಿತ ಕಿಟ್ ಹಾಕಿಸಿ, ನಿಯಮಕ್ಕೆ ಒಳಪಟ್ಟು. ಮಲೆನಾಡಿನಲ್ಲಿ ಆ ಕಾಲದಲ್ಲಿ ಜೀಪುಗಳಿಗೆ ಡೀಸೆಲ್ ಹಾಕಿಸಿದ್ದಕ್ಕೆ ಕಾರಣ ಎರಡು ಎಣ್ಣೆಗಳ ಬೆಲೆಯ ನಡುವೆ ಇದ್ದ ದೊಡ್ಡ ಅಂತರ. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆ ಸರ್ಕಾರದ ಹಿಡಿತದಿಂದ ಹೊರಬಂದ ಮೇಲೆ ಆ ಲೆಕ್ಕಕ್ಕೆ ಅರ್ಥ ಉಳಿದಿಲ್ಲ. ಹಳೆ ಜೀಪು ಕೊಳ್ಳುವವರು ಎಂಜಿನ್ ನಂಬರ್ ಆರ್‌ಸಿಯಲ್ಲಿರುವುದೇ ಹೌದೇ ಎಂದು ಮೊದಲು ನೋಡಿ, ಮುಂಗಡ ಆಮೇಲೆ ಕೊಡಿ.

ಇಂಥ ಕೆಲಸ ಮೊದಲು ಮಾಡಿದವರು ಯಾರು?

ಈ ಎಂಜಿನ್ನಿನ ಮೇಲೆ ಯಾರ ಹೆಸರಿದೆಯೋ ಅವರೇ ಅಮೆರಿಕದಲ್ಲಿ ಮೊದಲಿಗರು. ಕ್ಲೆಸಿ ಕಮಿನ್ಸ್ 1919ರಲ್ಲಿ ಇದೇ ಇಂಡಿಯಾನಾದ ಕೊಲಂಬಸ್ ಎಂಬ ಊರಿನಲ್ಲಿ ಕಂಪನಿ ಶುರುಮಾಡಿದರು. ಹತ್ತು ವರ್ಷವಾದರೂ ಡೀಸೆಲನ್ನು ಕೇಳುವವರಿರಲಿಲ್ಲ. 1929ರ ಕೊನೆಯಲ್ಲಿ ಒಂದು ಹಳೆ ಪ್ಯಾಕಾರ್ಡ್ ಪೆಟ್ರೋಲ್ ಕಾರಿಗೆ ತಮ್ಮ ಡೀಸೆಲ್ ಎಂಜಿನ್ ತುರುಕಿ, ಕ್ರಿಸ್‌ಮಸ್ ದಿನ ತಮಗೆ ದುಡ್ಡು ಹಾಕಿದ್ದ ಸಾಹುಕಾರರನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದರು. ಮರುತಿಂಗಳು ಅದರಲ್ಲೇ ಸುಮಾರು 800 ಮೈಲಿ ದೂರದ ನ್ಯೂಯಾರ್ಕಿನ ಕಾರು ಮೇಳಕ್ಕೆ ಹೋದರು. ದಾರಿಯ ಎಣ್ಣೆಯ ಖರ್ಚು 1.38 ಡಾಲರ್. ಅವರ ಕಂಪನಿ 1962ರಲ್ಲಿ ಕಿರ್ಲೋಸ್ಕರರ ಜೊತೆ ಸೇರಿ ಪುಣೆಗೂ ಬಂತು.

ಡೀಸೆಲ್ ಎಂಜಿನ್ ನಿಲ್ಲಿಸಲಾಗದೆ ಓಡಿಹೋಗುತ್ತದಂತೆ, ನಿಜವೇ?

ಅಪರೂಪ, ಆದರೆ ನಿಜ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋದ ಸೀಲ್ ಹೋಗಿ ಎಂಜಿನ್ ತನ್ನ ಆಯಿಲನ್ನೇ ಕುಡಿಯತೊಡಗಿದರೆ ಕೀ ತೆಗೆದರೂ ನಿಲ್ಲುವುದಿಲ್ಲ, ವೇಗ ಏರುತ್ತಲೇ ಹೋಗುತ್ತದೆ. ಗಾಳಿ ನಿಲ್ಲಿಸಬೇಕು, ಅದೇ ಮುಖ್ಯ ದಾರಿ. ಮ್ಯಾನುಯಲ್ ಗೇರಿನ ಗಾಡಿಯಾದರೆ ಟಾಪ್ ಗೇರ್ ಹಾಕಿ ಬ್ರೇಕ್ ಒತ್ತಿ ಕ್ಲಚ್ ಬಿಟ್ಟು ಉಸಿರುಗಟ್ಟಿಸಬಹುದು. ಟರ್ಬೋ ಬಾಯಿಗೆ ಕೈ ಅಥವಾ ಬಟ್ಟೆ ಒಡ್ಡಬೇಡಿ, ಒಳಗೆಳೆದುಕೊಳ್ಳುತ್ತದೆ.

ಮೊದಲ ಸಲ ಸ್ಟಾರ್ಟ್ ಮಾಡುವುದು ಹೇಗೆ?

ಬಯಲಿನಲ್ಲಿ, ಹಗಲಿನಲ್ಲಿ, ಇನ್ನೊಬ್ಬರನ್ನು ಜೊತೆಗಿಟ್ಟುಕೊಂಡು. ಟರ್ಬೋ ಬಾಯಿಗೆ ಮುಚ್ಚುವಷ್ಟು ಅಗಲದ ದಪ್ಪ ಹಲಗೆಯೊಂದು ಆ ಇನ್ನೊಬ್ಬರ ಕೈಯಲ್ಲಿರಲಿ.

ಮೊದಲು ಸೊಲೆನಾಯ್ಡಿನ ತಂತಿ ಬಿಚ್ಚಿಟ್ಟು ಸ್ಟಾರ್ಟರ್ ಹೊಡೆಯಿರಿ. ಎಂಜಿನ್ ಹೊತ್ತಿಕೊಳ್ಳದೆ ತಿರುಗುತ್ತ ಆಯಿಲ್ ಒತ್ತಡ ಏರುತ್ತದೆ. ಮೀಟರಿನಲ್ಲಿ ಅದು ಕಂಡ ಮೇಲೆ ತಂತಿ ಸಿಕ್ಕಿಸಿ. ಇನ್ನು ಏರ್ ಬಿಡಿಸುವುದು: ಎಣ್ಣೆ ಎತ್ತುವ ಪಂಪಿನ ಗುಬುಟನ್ನು ಬೆರಳಿನಿಂದ ಒತ್ತುತ್ತಾ, ಫಿಲ್ಟರ್ ತಲೆಯ ತಿರುಪನ್ನು ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಕಾಯಿರಿ. ಆಮೇಲೆ ಎರಡು ಮೂರು ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ ಸ್ಟಾರ್ಟರ್ ಹೊಡೆಯಿರಿ. ಎಣ್ಣೆ ಜಿನುಗತೊಡಗಿದರೆ ಬಿಗಿ ಮಾಡಿ. ಮುಖ, ಕೈ ಹತ್ತಿರ ಒಯ್ಯಬೇಡಿ; ಆ ಒತ್ತಡದ ಸಣ್ಣ ಧಾರೆಯೂ ಚರ್ಮ ತೂರಿ ಒಳಹೋಗುತ್ತದೆ, ಹಾಗೇನಾದರೂ ಆದರೆ ಗಾಯ ಚಿಕ್ಕದೆಂದು ಬಿಡದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಒಂದು ಸಿಲಿಂಡರ್ ಹಿಡಿಯುತ್ತದೆ, ಆಮೇಲೆ ಇನ್ನೊಂದು, ಬಿಳಿ ಹೊಗೆ ಎದ್ದು ಇಡೀ ಗಾಡಿ ಕುಲುಕುತ್ತದೆ, ಮತ್ತೆ ಆರೂ ಕೂಡಿಕೊಳ್ಳುತ್ತವೆ. ಹತ್ತು ನಿಮಿಷ ಹಾಗೇ ಓಡಲು ಬಿಟ್ಟು ಕೆಳಗೆ ಟಾರ್ಚ್ ಹಾಕಿ ಸೋರಿಕೆ ಹುಡುಕಿ. ನೂರು ಮೈಲಿ ಓಡಿದ ಮೇಲೆ ಮೌಂಟು, ಅಡಾಪ್ಟರ್, ಬೆಲ್ ಹೌಸಿಂಗ್, ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟುಗಳನ್ನೆಲ್ಲ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ಬಿಗಿ ಮಾಡಿ.